ಇಪ್ಪತ್ತು ಕಿಲೋ

ವಿಮಾ ಕಚೇರಿಯ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಅಂದು ಬೆಳಿಗ್ಗೆಯೇ ರಾಜೀನಾಮೆ ಕೊಟ್ಟಿದ್ದರು. ಇನ್ನೆರಡು ತಿಂಗಳಿಗೆ ಏಳು ಸಾವಿರ ಮೀಟರಿನ ಹಿಮಶಿಖರ ಹತ್ತಬೇಕು, ಒಂದೇ ಹಗ್ಗದ ಎರಡು ತುದಿಗೆ ಇಬ್ಬರು. ಅದಕ್ಕಾಗಿ ಆರು ತಿಂಗಳಿಂದ ದಿನಾ ಸಂಜೆ ತಲಾ ಇಪ್ಪತ್ತು ಕಿಲೋ ನೀರಿನ ಬಾಟಲಿಗಳನ್ನು ಬೆನ್ನಿಗೆ ಹೇರಿಕೊಂಡು ಕಚೇರಿಯ ಹನ್ನೆರಡು ಮಹಡಿ ಹತ್ತುತ್ತಿದ್ದರು.

ಮುದುಕ ಲಿಫ್ಟ್‌ನವನು ಅವರಿಗೆಂದೇ ಒಂಬತ್ತನೇ ಮಹಡಿಯಲ್ಲಿ ತನ್ನ ಕುರ್ಚಿ ಇಟ್ಟಿರುತ್ತಿದ್ದ. ಅಂದು ಗಂಡ ಅಲ್ಲಿ ಚೀಲ ಇಳಿಸಿ ಬೂಟಿನ ಲಾಡಿ ಕಟ್ಟುತ್ತಿದ್ದಾಗ, ಮತ್ತೆ ಹೊರಿಸಲು ನೆರವಾಗೋಣವೆಂದು ಮುದುಕ ಉಸಿರು ಬಿಗಿಹಿಡಿದು ಎರಡೂ ಕೈಯಿಂದ ಅದನ್ನು ಎತ್ತಿದ. ಚೀಲ ಹಾರಿ ಬಂದು ಅವನ ಎದೆಗೇ ಬಡಿಯಿತು.

"ಇದೇನ್ ಸಾರ್, ಹತ್ತಿ ತುಂಬಿದೀರಾ?"

ಹೆಂಡತಿ ಜಿಪ್ ಎಳೆದಳು. ಬಾಟಲಿಗಳೆಲ್ಲ ಖಾಲಿ.

"ಯಾವಾಗಿಂದ?"

"ಮಂಡಿ ನೋವು ಕಣೇ... ಒಂದೆರಡು ತಿಂಗಳಾಯ್ತು. ಅಲ್ಲಿ ಹೋದ್ಮೇಲೆ ಹೊತ್ತೇ ಹೊರ್ತೀನಿ ಬಿಡು."

"ನೋವು ಅಂದಿದ್ರೆ ಒಂದು ವರ್ಷ ಕಾಯ್ತಿದ್ದೆ! ನಾನು ಕಾಲು ಜಾರಿದ್ರೆ ಹಿಡಿಯೋನು ನೀನು. ಈ ಖಾಲಿ ಬಾಟಲಿ ನಂಬ್ಕೊಂಡು ಕೆಲಸ ಬಿಟ್ನಲ್ಲೋ! ಹೋಗು, ಲಿಫ್ಟಲ್ಲೇ ಇಳ್ಕೊಂಡು ಹೋಗು. ನನ್ನ ಹಗ್ಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ತನ್ನಿಂದಲೇ ಹೀಗಾಯಿತೆಂದು ನೊಂದುಕೊಂಡ ಮುದುಕ ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿ, "ಐದು ನಿಮಿಷ ಕೂತ್ಕೊಳ್ಳಮ್ಮಾ" ಎಂದ.

"ಬೇಡ ಅಣ್ಣಾ. ಕೂತ್ರೆ ಸಿಟ್ಟು ಇಳಿದುಬಿಡುತ್ತೆ."

ಇನ್ನೂ ಮೂರು ಮಹಡಿ ಬಾಕಿಯಿತ್ತು. ಅವಳು ತನ್ನ ಚೀಲದ ಪಟ್ಟಿ ಬಿಗಿದುಕೊಂಡು ಹತ್ತಿದಳು.