ಪೀಪಾಯಿ ತೆಪ್ಪ

ಕೋಗಿಲು ಬಡಾವಣೆಯ ಶಿಲ್ಪ ಸರಕು ಹಡಗಿನಲ್ಲಿ ತರಬೇತಿಗೆ ಸೇರುತ್ತೇನೆಂದಾಗ ಅವಳ ದೊಡ್ಡಪ್ಪ ನಂದಕುಮಾರ್ ಜೋರಾಗಿ ನಕ್ಕುಬಿಟ್ಟರು. "ವಾಂತಿ ಮಾಡ್ಕೊಂಡು ವಾಪಸ್ ಬರ್ತೀಯ ಕಣೇ." ಅವಳು ಬ್ಯಾಗು ಹೆಗಲಿಗೇರಿಸಿದಳು. ಅದು 2013.

ತರಬೇತಿಯ ಐದನೇ ತಿಂಗಳು, ಹಡಗು ಆಫ್ರಿಕಾದ ಬಂದರೊಂದನ್ನು ಬಿಟ್ಟ ಮರುದಿನ, ಹಗ್ಗಗಳ ಕೋಣೆಯಲ್ಲಿ ಕದ್ದು ಕೂತಿದ್ದ ಒಬ್ಬ ಮನುಷ್ಯ ಸಿಕ್ಕಿಬಿದ್ದ. ಜ್ವರದಿಂದ ನಡುಗುತ್ತಿದ್ದ. ನೀರು ಕುಡಿಸಿದ್ದು ಶಿಲ್ಪ. ಇಂಥವನನ್ನು ಮುಂದಿನ ಬಂದರಿಗೆ ಒಯ್ದರೆ ವಿಚಾರಣೆ, ತಡ, ಕೆಟ್ಟ ಹೆಸರು. ಅವನನ್ನು ಕಡಲಲ್ಲೇ ಬಿಟ್ಟುಬಿಡಲು ಕ್ಯಾಪ್ಟನ್ ಖಾಲಿ ಪೀಪಾಯಿಗಳನ್ನು ಕಟ್ಟಿಸಿ ತೆಪ್ಪ ಮಾಡಿಸಿದ. ಸುತ್ತ ಎಲ್ಲೂ ದಡ ಕಾಣುತ್ತಿರಲಿಲ್ಲ.

ಗಂಟು ಹಾಕುತ್ತಿದ್ದವರು ಕೆಲಸಗಾರರ ಮೇಸ್ತ್ರಿ, ಆರ್.ಟಿ. ನಗರದ ಖಾದರ್ ಬಾಷಾ.

"ಚಾಚಾ, ಇದು ತೇಲುತ್ತಾ?" ಎಂದಳು ಶಿಲ್ಪ.

"ನಾಳೆ ತನಕ ತೇಲಿದ್ರೆ ಹೆಚ್ಚು. ನೀನ್ ಒಳಗ್ ಹೋಗಮ್ಮ, ಇದೆಲ್ಲ ನೋಡ್ಬಾರ್ದು."

ಅವಳು ಹೋಗಲಿಲ್ಲ. ಇಬ್ಬರು ಆ ಮನುಷ್ಯನನ್ನು ಎತ್ತಿ ತಂದು ತೆಪ್ಪದ ಮೇಲೆ ಕೂರಿಸಿದರು. ಅವನು ಯಾರನ್ನೂ ಬೇಡಲಿಲ್ಲ, ಕಣ್ಣು ಮುಚ್ಚಿಕೊಂಡ. ತೆಪ್ಪವನ್ನು ನೀರಿಗಿಳಿಸುವ ಕ್ರೇನಿನ ಹಿಡಿಕೆಯ ಬಳಿ ನಿಂತಿದ್ದ ಶಿಲ್ಪಳಿಗೆ ಕ್ಯಾಪ್ಟನ್ ಹೇಳಿದ:

"ಇಳಿಸು."

"ಇಳಿಸಲ್ಲ ಸರ್."

"ನಿನ್ನ ತರಬೇತಿ ಇವತ್ತಿಗೇ ಮುಗಿಯುತ್ತೆ."

"ಮುಗೀಲಿ." ಅವಳು ನಡೆದು ಹೋಗಿ ತೆಪ್ಪ ಹತ್ತಿ ಆ ಮನುಷ್ಯನ ಪಕ್ಕದಲ್ಲಿ ಕೂತಳು. "ಅವನನ್ನ ಇಳಿಸೋದಾದ್ರೆ ನನ್ನನ್ನೂ ಇಳಿಸಿ."

ತೆಪ್ಪದ ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕ್ಯಾಪ್ಟನ್ ಖಾದರ್ ಬಾಷಾ ಕಡೆ ತಿರುಗಿದ. ಅವರು ಕೈಗವಸು ಬಿಚ್ಚಿ ಕೆಳಗೆ ಹಾಕಿದರು. "ನನ್ ಕೈಲಾಗಲ್ಲ ಸಾಬ್. ನೀವೇ ಇಳಿಸ್ಕೊಳ್ಳಿ."

ಕ್ಯಾಪ್ಟನ್ ಹಿಡಿಕೆಗೆ ಕೈ ಹಾಕಿದ. ನೆರೆದಿದ್ದವರೆಲ್ಲ ಅವನನ್ನೇ ನೋಡುತ್ತ ನಿಂತರು. ಕೊನೆಗೆ ಅವನು ಕೈ ತೆಗೆದು, ಬೈಯುತ್ತ ಮೆಟ್ಟಿಲು ಹತ್ತಿ ಹೋದ.

ಮುಂದಿನ ಬಂದರಿನಲ್ಲಿ ಆ ಮನುಷ್ಯ ಆಸ್ಪತ್ರೆಗೆ ಹೋದ. ಶಿಲ್ಪಳನ್ನು ಮನೆಗೆ ಕಳಿಸಿದರು.

"ಕ್ಷಮೆ ಕೇಳಿ ಕಂಪನಿಗೆ ಮೇಲ್ ಹಾಕು, ವಾಪಸ್ ತಗೋತಾರೆ," ಎಂದರು ದೊಡ್ಡಪ್ಪ.

"ನಾನ್ಯಾಕೆ ಕೇಳ್ಲಿ?"

ಅಜ್ಜಿ ಗೋಪಾಲಮ್ಮ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಆ ಮನ್ಸ ಬದುಕವ್ನಾ?"

"ಬದುಕಿದ್ದಾನೆ ಅಜ್ಜಿ."

"ಮತ್ತಿನ್ನೇನು? ಕ್ಸಮೆ ಗಿಮೆ ಏನೂ ಬ್ಯಾಡ."

ಬೇರೆ ಎರಡು ಹಡಗು ಕಂಪನಿಗಳು ಅವಳನ್ನು ಬೇಡವೆಂದವು. ಮೂರನೆಯ ಕಡೆ ಸಂದರ್ಶನದಲ್ಲಿ, ಮತ್ತೆ ಅಂಥದ್ದೇ ನಡೆದರೆ ಏನು ಮಾಡುತ್ತೀಯ ಎಂದು ಕೇಳಿದರು.

"ಅದನ್ನೇ ಮಾಡ್ತೀನಿ," ಎಂದಳು.

ಮರುವರ್ಷ ಅವಳು ಆ ಮೂರನೆಯ ಕಂಪನಿಯ ಹಡಗು ಹತ್ತಿದಳು.