ಖಂಡೇಪೂಜೆಯಂದು ಒಡೆದ ಗೋಡೆ

ಏ, ಅಲ್ಲೇ ನಿಲ್ರಿ! ಒಳಗೆ ಬರಬೇಡಿ, ಗಾರೆ ಉದುರುತ್ತದೆ. ನಾನು ಗದಗ ಪೇಟೆಯ ಹಳೇ ಬ್ಯಾಂಕಿನ ಕಟ್ಟಡ. ನಾಳೆ ನನ್ನನ್ನು ಕೆಡವುತ್ತಾರಂತೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ ನನಗೆ. ನಿಲ್ಲದೆ ಬೇರೆ ದಾರಿಯಾದರೂ ಏನಿದೆ, ಹೇಳಿ.

ನನ್ನನ್ನು ಕಟ್ಟಿದವರು ಹುಸೇನಸಾಬರು. ಮುಂದೆ ಕಲ್ಲಿನ ಕಂಬ, ಎತ್ತರದ ಕಮಾನು, ಸಾಗವಾನಿ ಬಾಗಿಲು. ಹಿಂದೆ ತಿಜೋರಿ ಕೋಣೆ: ಕಿಟಕಿಯಿಲ್ಲ, ಮೊಳ ದಪ್ಪದ ಗೋಡೆ, ಕಬ್ಬಿಣದ ಬಾಗಿಲು. ಗಾರೆಗೆ ಬೆಲ್ಲದ ನೀರು ಕುಡಿಸಿ, "ಆನಿ ಬಂದು ಗುದ್ದಿದ್ರೂ ಅಲುಗಾಡಂಗಿಲ್ಲ" ಎಂದು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಆ ಬಾಗಿಲಿಗೆ ಎರಡು ಕೀಲಿ. ಒಂದು ಮ್ಯಾನೇಜರ್ ಗಲಗಲಿಯವರ ಹತ್ತಿರ, ಇನ್ನೊಂದು ಕ್ಯಾಶಿಯರ್ ವೀರಭದ್ರಪ್ಪನ ಹತ್ತಿರ. ಎರಡೂ ಕೂಡಿದರೇ ತೆರೆಯುವುದು. ಬೀಗ ಬೀಳಲು ಮಾತ್ರ ಯಾರೂ ಬೇಕಿರಲಿಲ್ಲ, ಬಾಗಿಲು ಎಳೆದರೆ ಸಾಕಿತ್ತು.

ಒಂದು ಖಂಡೇನವಮಿ. ಎಲ್ಲರೂ ತಮ್ಮ ಕಸುಬಿನ ಸಾಮಾನು ಪೂಜಿಸುವ ದಿನ. ಬ್ಯಾಂಕಿನವರ ಆಯುಧ ಕೀಲಿ ತಾನೆ? ಎರಡನ್ನೂ ಕೋಣೆಯೊಳಗೆ ತಿಜೋರಿ ಮುಂದೆ ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು. ಗಲಗಲಿಯವರು ಕುಂಬಳಕಾಯಿ ಒಡೆಯಲು ಹೊರಗೆ ಹೋದರು. ಗಾಳಿಗೆ ದೀಪ ಆರೀತೆಂದು ವೀರಭದ್ರಪ್ಪ ಒಳಗಿನಿಂದ ಬಾಗಿಲನ್ನು ಒಂಚೂರು ಮುಂದೆ ಮಾಡಿದ. ಧಡ್!

ಕೀಲಿಗಳು ಒಳಗೆ, ಕೀಲಿಕಂಡಿ ಹೊರಗೆ. ಇನ್ನೊಂದು ಜೊತೆ ಕೀಲಿ ಬೆಳಗಾವಿಯ ದೊಡ್ಡ ಕಚೇರಿಯಲ್ಲಿ.

"ಸಾಹೇಬ್ರ, ಉಸಿರು ಕಟ್ಟಾಕತ್ತೈತ್ರಿ!"

ಏ ಮಹಾರಾಯ, ಮೊದಲು ದೀಪ ಆರಿಸೋ! ನಾನು ಒದ್ದಾಡಿದೆ. ಹಬ್ಬದ ದಿನ ದೀಪ ಆರಿಸುವವನೇ ಅವನು?

ಗಲಗಲಿಯವರು ಹುಸೇನಸಾಬರನ್ನು ಕರೆತಂದರು. ಹಿಂದಿನ ಗೋಡೆಗೆ ಹಾರೆ ಬಿತ್ತು. ಕಿಡಿ ಹಾರಿತೇ ಹೊರತು ಗಾರೆ ಬಿಡಲಿಲ್ಲ. "ಯಾ ಅಲ್ಲಾ, ನಾ ಹಾಕಿದ ಬೆಲ್ಲನ ಮುಳುವಾತಲ್ಲ!" ಎಂದು ಮುದುಕರು ಅಳುತ್ತಲೇ ಹೊಡೆದರು. ಒಡೀರಿ, ಇನ್ನೂ ಜೋರಾಗಿ ಒಡೀರಿ! ನನ್ನ ಗಟ್ಟಿತನಕ್ಕೆ ಬೆಂಕಿ ಬೀಳಲಿ!

ಕೊನೆಗೂ ಒಂದು ಕಲ್ಲು ಸಡಿಲಿತು. ಕತ್ತಲೊಳಗಿಂದ ಒಂದು ಕೈ ಬಂತು, ಕೀಲಿಗಳ ಸಮೇತ. ಗಲಗಲಿಯವರು ಕೀಲಿ ಮರೆತು ಆ ಕೈಯನ್ನೇ ಹಿಡಿದುಕೊಂಡುಬಿಟ್ಟರು.

ಆ ಕಂಡಿಗೆ ಆಮೇಲೆ ಇಟ್ಟಿಗೆ ತುಂಬಿ ಸಿಮೆಂಟು ಮೆತ್ತಿದರು. ಅದು ನನ್ನ ಮೈಗೆ ಹತ್ತಲೇ ಇಲ್ಲ. ಬ್ಯಾಂಕು ಬೇರೆಡೆಗೆ ಹೋಯಿತು, ನಾನು ಮೆಣಸಿನಕಾಯಿ ಗೋದಾಮಾದೆ, ಆ ಕಂಡಿಯಿಂದ ಎದ್ದ ಬಿರುಕು ಮಾತ್ರ ಏರುತ್ತಾ ಮಾಳಿಗೆ ಮುಟ್ಟಿತು. ಮೊನ್ನೆ ಎಂಜಿನಿಯರ್ ಅಲ್ಲಿಗೇ ಬೆರಳಿಟ್ಟ: "ಇಲ್ಲಿಂದನ ಕೆಟ್ಟೈತಿ. ಕೆಡವ್ರಿ."

ಇವತ್ತು ವೀರಭದ್ರಪ್ಪ ಕೋಲೂರಿಕೊಂಡು ಬಂದಿದ್ದ. ತೇಪೆಯ ಮೇಲೆ ಅಂಗೈ ಇಟ್ಟು, "ನನ್ನ ಸಲುವಾಗಿ ಹೊಂಟಿಯಲ್ಲೋ" ಎಂದ.

ಹುಚ್ಚಪ್ಪಾ, ನಿನಗೆ ಹೇಗೆ ಹೇಳಲಿ? ನಾಳೆ ಮೊದಲ ಏಟು ಅಲ್ಲೇ ಬೀಳಲಿ. ಆ ಜಾಗದ ನೋವು ನನಗೆ ಗೊತ್ತು. ಅಲ್ಲಿಂದ ಒಂದು ಜೀವಂತ ಕೈ ಹೊರಬಂದಿತ್ತು.