ಹಾವಿನ ಹಲ್ಲು ಎಣಿಸಹೊರಟ ಬೆಟ್ಟಸ್ವಾಮಿ

ಬೆಟ್ಟದಪುರದ ಬೆಟ್ಟಸ್ವಾಮಿಯವರ ಮನೆಯಲ್ಲಿ ಆ ವರ್ಷ ಇಲಿಗಳದೇ ದರ್ಬಾರು. ಕಣಜದ ರಾಗಿ ತಿಂದವು. ಹೊಗೆಸೊಪ್ಪು ಕಟ್ಟುವ ದಾರ ಕಡಿದವು. ಕೊನೆಗೆ ಅವರ ಹೆಂಡತಿ ಪುಟ್ಟಮಲ್ಲಮ್ಮನ ಹೊಸ ಸೀರೆಗೂ ಬಾಯಿ ಹಾಕಿದವು. ರಾಗಿ ಹೋದಾಗ ಸುಮ್ಮನಿದ್ದ ಪುಟ್ಟಮಲ್ಲಮ್ಮ ಸೀರೆ ಹೋದಾಗ ಸುಮ್ಮನಿರಲಿಲ್ಲ.

"ಏನಾರ ಮಾಡಿ. ಇಲ್ದಿದ್ರೆ ನಾನು ತವ್ರಿಗೆ ಓಯ್ತೀನಿ. ನೀವೂ ಇಲಿಗೋಳೂ ಸಂಸಾರ ಮಾಡ್ಕಂಡಿರಿ" ಎಂದರು.

ಬೆಟ್ಟಸ್ವಾಮಿಯವರು ಸಾಮಾನ್ಯರಲ್ಲ. ಚುಂಚನಕಟ್ಟೆಯ ದನದ ಜಾತ್ರೆಗೆ ಅವರನ್ನು ಕರೆದುಕೊಂಡು ಹೋಗದೆ ಸುತ್ತಲಿನ ನಾಲ್ಕು ಊರಿನವರು ಎತ್ತು ಕೊಳ್ಳುತ್ತಿರಲಿಲ್ಲ. ಮೈ ಸವರಿ, ಸುಳಿ ನೋಡಿ, ಬಾಯಿ ತೆರೆಸಿ ಹಲ್ಲು ಎಣಿಸಿ, "ಇದನ್ನ ಇಡೀಲಾ" ಎಂದರೆ ಮುಗಿಯಿತು. ಒಂದು ವಿದ್ಯೆ ಚೆನ್ನಾಗಿ ಬಂದವರಿಗೆ ಎಲ್ಲ ವಿದ್ಯೆಯೂ ಬಂದಂತೆ ಅನಿಸುವುದುಂಟು. ಇವರಿಗೂ ಹಾಗೇ ಅನಿಸಿತು.

ಅದೇ ವಾರ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಗೆ, ಗಾಡಿಯಲ್ಲಿ ಸೌದೆ ಬಂತು. ಸೌದೆಯ ನಡುವೆ ಎರಡು ಹಾವಿನ ಮರಿಗಳಿದ್ದವು. ಎರಡರ ಮೈಮೇಲೂ ಕಂದು ಮಚ್ಚೆ. ಬೆಟ್ಟಸ್ವಾಮಿಯವರು ಸಲಿಕೆಯಲ್ಲಿ ಎತ್ತಿ, ಒಂದೊಂದನ್ನು ಒಂದೊಂದು ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದರು.

"ಎಬ್ಬಾವಿನ ಮರಿ ಕಣೇ! ಕಣಜದ ಮನೇಲಿ ಸಾಕ್ಬುಟ್ರೆ ಇಲಿ ವಂಸಾನೇ ಇರಾಕಿಲ್ಲ. ಒಂದು ಸಾಕು. ಯಾವುದನ್ನ ಇಟ್ಕಳದು ಅಂತ ನೋಡ್ಬೇಕು, ಅಷ್ಟೆ."

"ಕಚ್ಚಾಕಿಲ್ವಾ?" ಪುಟ್ಟಮಲ್ಲಮ್ಮ ದೂರದಿಂದಲೇ ಕೇಳಿದರು.

"ಎಬ್ಬಾವಿಗೆ ವಿಸ ಎಲ್ಲದೆ? ಬುಡು ಬುಡು."

ಹೆಬ್ಬಾವಿಗೆ ವಿಷವಿಲ್ಲ ಎಂಬುದು ನಿಜ. ಆದರೆ ಮಡಕೆಯಲ್ಲಿರುವುದು ಹೆಬ್ಬಾವೇ ಎಂದು ಹೇಳಿದವರು ಯಾರು? ಬೆಟ್ಟಸ್ವಾಮಿಯವರೇ.

ಮೊದಲ ಮಡಕೆಯ ಬಟ್ಟೆ ಬಿಚ್ಚಿದರು. ಒಳಗಿದ್ದ ಮರಿ ಮೊಳಕ್ಕಿಂತ ಉದ್ದ, ತೆಳ್ಳಗೆ. ಸುರುಳಿಯೊಳಗೆ ತಲೆ ಹುದುಗಿಸಿ ಮಲಗಿತ್ತು. "ಇದು ಸೋಮಾರಿ" ಎಂದು ಮುಚ್ಚಿದರು. ಎರಡನೆಯದು ಗಿಡ್ಡ, ದಪ್ಪ. ಬೆನ್ನ ಮೇಲೆ ಮಣಿಸರದಂತೆ ಸಾಲು ಮಚ್ಚೆ. ಬೆಳಕು ಬಿದ್ದದ್ದೇ ತಡ, ಕುಲುಮೆಯ ತಿದಿ ಒತ್ತಿದ ಹಾಗೆ ಬುಸುಗುಟ್ಟಿತು.

"ನೋಡೇ, ಮೈ ಎಂಗೆ ತುಂಬ್ಕಂಡದೆ! ಉಸ್ರು ಎಷ್ಟು ಗಟ್ಟಿ! ಇದು ದುಡಿಯೋ ಜಾತಿ. ಹಲ್ಲೊಂದು ನೋಡ್ಬುಟ್ರೆ ಆಯ್ತು."

ಹೀಗೆಂದು ಅಂಗಿಯ ತೋಳು ಮಡಚಿದರು.

ಜಗುಲಿಯಲ್ಲಿ ಜವರಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಹುಣಸೂರು ಕಡೆಯ ಕಾಡಂಚಿನ ಹಾಡಿಯವಳು, ಸೊಪ್ಪಿನ ಕಾಲದಲ್ಲಿ ಕೂಲಿಗೆ ಬರುತ್ತಾಳೆ. ಆ ಬುಸುಗುಟ್ಟುವ ಸದ್ದು ಅವಳ ಕಿವಿಗೆ ಬಿತ್ತು. ಕಡ್ಡಿ ಬಿಟ್ಟು ಎದ್ದಳು.

"ಅಣ್ಣೋರೇ! ಕೈ ತಗೀರಿ!"

ಆ ಕೂಗಿಗೆ ಬೆಟ್ಟಸ್ವಾಮಿಯವರು ಬೆಚ್ಚಿದರು. ಹೆಗಲ ಮೇಲಿನ ಟವೆಲ್ ಜಾರಿ ಅದರ ತುದಿ ಮಡಕೆಯೊಳಗೆ ಇಳಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾವು ಅದಕ್ಕೆ ಬಡಿದೇ ಬಿಟ್ಟಿತು. ಟವೆಲ್ ಎಳೆದುಕೊಂಡು ನೋಡಿದರೆ ಎರಡು ಸಣ್ಣ ತೂತು, ಸುತ್ತ ಹಳದಿ ಒದ್ದೆ. ಒಂದು ಗಳಿಗೆ ತಡವಾಗಿದ್ದರೆ ಆ ತೂತು ಬೆರಳಿನಲ್ಲಿರುತ್ತಿತ್ತು.

ಜವರಿ ಮೊರವನ್ನು ಉದ್ದ ಕೋಲಿನ ತುದಿಗೆ ಸಿಕ್ಕಿಸಿ, ದೂರದಿಂದಲೇ ಮಡಕೆಯ ಬಾಯಿಗೆ ಮುಚ್ಚಿದಳು.

"ಅದು ಎಬ್ಬಾವಲ್ಲ ಅಣ್ಣೋರೇ, ಕೊಳಕುಮಂಡ್ಲ. ಮರಿ ಅಂತ ವಿಸ ಕಮ್ಮಿ ಇರಾಕಿಲ್ಲ."

ಬೆಟ್ಟಸ್ವಾಮಿಯವರು ಅಲ್ಲೇ ಕುಕ್ಕರಿಸಿದರು. ಪುಟ್ಟಮಲ್ಲಮ್ಮ ಅತ್ತೇಬಿಟ್ಟರು. ಆಮೇಲೆ ಬೈದರು. ಆಮೇಲೆ ಮಜ್ಜಿಗೆ ತಂದುಕೊಟ್ಟರು.

"ನಿಂಗೆ ಎಂಗೆ ಗೊತ್ತಾಯ್ತು ಜವರಿ?" ಪುಟ್ಟಮಲ್ಲಮ್ಮ ಕೇಳಿದರು. " ಕಾಡಿನವ್ರಿಗೆಲ್ಲ ಗುರ್ತು ಸಿಕ್ತದೇನೋ."

"ಎಲ್ಲಿ ಸಿಕ್ತದೆ! ನಮ್ಮಣ್ಣ ಕಾಡಲ್ಲೇ ಉಟ್ಟಿ ಬೆಳೆದೋನು. ಎಬ್ಬಾವಿನ ಮರಿ ಅಂತ ಇದನ್ನೇ ಮುಟ್ಟಿದ. ಅವತ್ತು ಕೇಳಿದ್ದ ಬುಸುಗುಟ್ಟೋ ಸದ್ದೇ ಇವತ್ತೂ ಕೇಳ್ತು. ಬೇಗ ಆಸ್ಪತ್ರೆಗೆ ಒತ್ಕಂಡೋಗಿದ್ಕೆ ಜೀವ ಉಳೀತು. ಕೈಯಿನ ಎಲ್ಡು ಬೆಳ್ಳು ಓಯ್ತು. ಎಬ್ಬಾವಿನ ಮರಿ, ಮಣ್ಣುಮುಕ್ಕ, ಕೊಳಕುಮಂಡ್ಲ, ನೋಡಾಕೆ ಮೂರೂ ಒಂದೇ ತರ ಕಾಣ್ತವೆ. ಅದ್ಕೇ ನಾವು ಯಾವುದನ್ನೂ ಮುಟ್ಟಾಕಿಲ್ಲ."

ಹಟ ಅಷ್ಟು ಬೇಗ ಬಿಟ್ಟರೆ ಅವರು ಬೆಟ್ಟಸ್ವಾಮಿಯೇ? ಮಜ್ಜಿಗೆ ಕುಡಿದು ಮೊದಲ ಮಡಕೆಯ ಕಡೆ ನೋಡಿದರು.

"ಅದು ಎಬ್ಬಾವೇ ತಾನೇ? ಅದನ್ನಾರ ಇಟ್ಕಳನಾ?"

ಜವರಿಗೆ ನಗು ಬಂತು. "ಎಬ್ಬಾವೇ ಆಗಿದ್ರೂ ಒಂದು ಇಲಿ ನುಂಗಿ ವಾರಗಟ್ಲೆ ಮಲಗ್ತದೆ. ಅಂಥ ಆಳ್ನ ನೀವು ಕೂಲಿಗೆ ಇಟ್ಕತೀರಾ? ಬೆಳೆದ ಮೇಲೆ ಕೋಳಿ, ಮೇಕೆಮರಿ ಕಡೆ ತಿರುಗ್ತದೆ. ಮ್ಯಾಲೆ ಎಬ್ಬಾವು ಇಡ್ದು ಸಾಕಬಾರ್ದು ಅಂತ ಸರ್ಕಾರದ ಕಾನೂನದೆ. ಫಾರೆಸ್ಟ್ ಗಾರ್ಡು ಬಂದ್ರೆ ನಿಮ್ಮ ಅಲ್ಲು ಎಣಿಸ್ತಾನೆ!"

ಪುಟ್ಟಮಲ್ಲಮ್ಮ ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕರು. ಬೆಟ್ಟಸ್ವಾಮಿಯವರಿಗೂ ನಗದೆ ವಿಧಿಯಿರಲಿಲ್ಲ.

"ಅಂಗಾರೆ ಇಲಿಗೇನು ಮಾಡದು?"

"ಇಲಿ ಬರೋ ದಾರಿ ಮುಚ್ಚಿ. ಬಿಲಕ್ಕೆ ಗಾಜಿನ ಚೂರು ಆಕಿ ಮಣ್ಣು ಮೆತ್ತಿ. ಕಾಳು ಚೆಲ್ಲಿದ್ರೆ ಅವತ್ತೇ ಗುಡಿಸಿ. ಸೌದೆ ರಾಸಿ ಗೋಡೆಯಿಂದ ದೂರ ಇಡಿ. ಇಲಿ ಇಲ್ದಿದ್ರೆ ಆವೂ ಬರಾಕಿಲ್ಲ. ಒಲದಲ್ಲಿ ಕೇರೆ ಆವು ಕಂಡ್ರೆ ಒಡೀಬ್ಯಾಡಿ, ಅದರ ಪಾಡಿಗೆ ಬುಟ್ಬುಡಿ. ಕೂಲಿ ಇಲ್ದಂಗೆ ಇಲಿ ಇಡೀತದೆ."

ಅವತ್ತೇ ಹೇಳಿ ಕಳಿಸಿದ್ದರಿಂದ ಮರುದಿನ ಬೆಳಿಗ್ಗೆ ಫಾರೆಸ್ಟ್ ಗಾರ್ಡ್ ಬಂದು ಎರಡು ಮಡಕೆಯನ್ನೂ ಜೋಪಾನವಾಗಿ ಕಾಡಿಗೆ ಒಯ್ದರು. ಆ ವಾರವೆಲ್ಲ ಗಂಡ ಹೆಂಡತಿ ಬಿಲ ಮುಚ್ಚಿದರು, ಕಣಜದ ಮನೆ ಗುಡಿಸಿದರು. ತಿಂಗಳಲ್ಲಿ ಇಲಿ ಕಾಟ ಮುಕ್ಕಾಲು ಪಾಲು ಇಳಿಯಿತು. ಆ ಟವೆಲನ್ನು ಪುಟ್ಟಮಲ್ಲಮ್ಮ ಸೋಪು ಹಾಕಿ ಒಗೆದು ಬ್ಯಾರನ್ನಿನ ಬಾಗಿಲಿಗೆ ನೇತುಹಾಕಿದ್ದಾರೆ. ತೆಗೆಯಲು ಬಿಟ್ಟಿಲ್ಲ. ಎತ್ತು ತೋರಿಸಲು ಬಂದವರು ತೂತು ನೋಡಿ ಕೇಳಿದರೆ ಬೆಟ್ಟಸ್ವಾಮಿಯವರೇ ಹೇಳುತ್ತಾರೆ: "ಎತ್ತಿನ ಅಲ್ಲು ನಾನು ಎಣಿಸ್ತೀನಿ. ಆವಿನ ಅಲ್ಲು ಈ ಟವೆಲ್ ಎಣಿಸ್ತು. ಎಲ್ಡೇ ಇದ್ದಿದ್ದು. ಅಷ್ಟೇ ಸಾಕಾಗಿತ್ತು."

ಈ ಕಥೆ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸೌದೆಯಲ್ಲೂ ನಾಳೆ ಒಂದು ಮಚ್ಚೆಯ ಮರಿ ಸಿಗಬಹುದು. ಚೆಂದವಾಗಿದೆ ಎಂದು ಆರಿಸಲು ಕೂರಬೇಡಿ. ಹೆಬ್ಬಾವೋ ಮಂಡಲವೋ ಎಂದು ಪರೀಕ್ಷೆ ಮಾಡಬೇಡಿ. ಮಕ್ಕಳನ್ನು ದೂರ ಕಳಿಸಿ, ನೀವೂ ದೂರ ನಿಲ್ಲಿ, ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಿ. ಅಕಸ್ಮಾತ್ ಯಾರಿಗಾದರೂ ಕಚ್ಚಿದರೆ ಗಾಯ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಗಾಡಿಯಾದರೆ ಗಾಡಿ, ಬಸ್ಸಾದರೆ ಬಸ್ಸು, ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೆಟ್ಟಸ್ವಾಮಿಯವರ ಪಕ್ಕದಲ್ಲಿ ಜವರಿ ಇದ್ದಳು. ನಿಮ್ಮ ಮನೆಯಲ್ಲಿ "ಕೈ ತಗೀರಿ" ಎಂದು ಕೂಗುವವರು ನೀವೇ ಆಗಿ.